ಥೀಮ್ ಪಾರ್ಕಿನ ದಿನದ ಊಟದ ಖರ್ಚು: ಬುತ್ತಿ, ಒಳಗಿನ ಊಟ, ದಾರಿಯ ಹೋಟೆಲು – ಯಾವುದು ಯಾರಿಗೆ?

ಪಾರ್ಕಿನ ಟಿಕೆಟ್ ದರ ಮೊದಲೇ ತಿಳಿದಿರುತ್ತದೆ, ಪ್ರಯಾಣದ ಖರ್ಚೂ ಅಂದಾಜಿಗೆ ಸಿಗುತ್ತದೆ. ಊಟ-ತಿಂಡಿಗೆ ಎಷ್ಟು ಹೋಯಿತು ಎಂಬುದು ಮಾತ್ರ ಮನೆಗೆ ಮರಳಿ ಕಿಸೆ ತಡವಿದ ಮೇಲಷ್ಟೇ ಗೊತ್ತಾಗುತ್ತದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆಯ ಓದುಗರು ಏಪ್ರಿಲ್-ಮೇ ರಜೆಗೂ ಓಣಂ ರಜೆಗೂ ಮುನ್ನ ಮತ್ತೆ ಮತ್ತೆ ಕೇಳುವ ಪ್ರಶ್ನೆಯೂ ಇದೇ: ಬುತ್ತಿ ಕಟ್ಟಿಕೊಂಡು ಹೋಗುವುದೋ, ಪಾರ್ಕಿನೊಳಗೇ ಉಣ್ಣುವುದೋ, ದಾರಿಯಲ್ಲಿ ಹೋಟೆಲು ಹುಡುಕುವುದೋ? ಮೂರಕ್ಕೂ ಅದರದರ ಅನುಕೂಲವಿದೆ, ಮೂರರಲ್ಲೂ ಹಣ ಸೋರುವ ತೂತುಗಳಿವೆ. ಆದ್ದರಿಂದ ಯಾವುದು ಅಗ್ಗ ಎಂದು ಒಂದೇ ಮಾತಿನಲ್ಲಿ ಹೇಳುವ ಬದಲು, ಯಾವ ಮನೆಗೆ ಯಾವುದು ಹೊಂದುತ್ತದೆ ಎಂಬುದನ್ನು ತೂಗಿ ನೋಡುವುದು ಇಲ್ಲಿಯ ಉದ್ದೇಶ.

ನಮ್ಮ ಜಿಲ್ಲೆಯಿಂದ ಹೊರಡುವವರು ಸಾಮಾನ್ಯವಾಗಿ ಆರಿಸಿಕೊಳ್ಳುವ ಸ್ಥಳಗಳು ನಾಲ್ಕು. ದಕ್ಷಿಣಕ್ಕೆ ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನ ಬಳಿ, ಸಹಕಾರಿ ಸಂಘವೊಂದರ ಆಡಳಿತದಲ್ಲಿರುವ ವಿಸ್ಮಯ ಪಾರ್ಕ್. ಉತ್ತರಕ್ಕೆ ಮಂಗಳೂರಿನ ಪಿಲಿಕುಳದಲ್ಲಿರುವ ಮಾನಸ ವಾಟರ್ ಪಾರ್ಕ್. ದೂರದ ಪ್ರಯಾಣಕ್ಕೆ ಸಿದ್ಧರಿರುವವರಿಗೆ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಆರಂಭವಾದ ಕೊಚ್ಚಿಯ ವಂಡರ್‌ಲಾ, ಅಥವಾ 2005ರಲ್ಲಿ ಬಿಡದಿಯ ಬಳಿ ಮೈಸೂರು ರಸ್ತೆಯಲ್ಲಿ ತೆರೆದ ಬೆಂಗಳೂರಿನ ವಂಡರ್‌ಲಾ. ಮೊದಲೆರಡು ಒಂದೇ ದಿನದಲ್ಲಿ ಹೋಗಿ ಬರುವ ದೂರದಲ್ಲಿವೆ. ಕೊನೆಯ ಎರಡಕ್ಕೆ ಒಂದೆರಡು ರಾತ್ರಿಯ ಪ್ರಯಾಣ ಸೇರುತ್ತದೆ. ಊಟದ ಲೆಕ್ಕವನ್ನು ಈ ವ್ಯತ್ಯಾಸ ಬಹಳವಾಗಿ ಬದಲಿಸುತ್ತದೆ.

ತೂಗುವುದಕ್ಕೆ ಮೊದಲು

ಮೊದಲನೆಯದು ಗೇಟಿನ ನಿಯಮ. ದೊಡ್ಡ ಪಾರ್ಕುಗಳು ಹೊರಗಿನ ಆಹಾರವನ್ನು ಒಳಗೆ ಬಿಡುವುದಿಲ್ಲ. ವಂಡರ್‌ಲಾದಲ್ಲಿ ಈ ನಿಯಮ ಸ್ಪಷ್ಟವಾಗಿದೆ. ಇದು ಅನ್ಯಾಯವೆಂದು ಗೇಟಿನಲ್ಲಿ ವಾದಿಸುವವರಿದ್ದಾರೆ, ಆದರೆ ಕಾನೂನು ಅವರ ಬೆನ್ನಿಗೆ ನಿಲ್ಲುವುದು ಕಷ್ಟ. ಸಿನಿಮಾ ಮಂದಿರಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು, ಮಂದಿರವು ಖಾಸಗಿ ಆಸ್ತಿಯಾದ್ದರಿಂದ ಹೊರಗಿನ ತಿಂಡಿಯನ್ನು ತಡೆಯಲು ಮಾಲೀಕರಿಗೆ ಹಕ್ಕಿದೆ ಎಂದು ಹೇಳಿತು. ಅದರ ಜೊತೆಗೇ ಕುಡಿಯುವ ನೀರು ಉಚಿತವಾಗಿ ಸಿಗಬೇಕು, ಹಸುಳೆಗಳ ಆಹಾರಕ್ಕೆ ಅಡ್ಡಿಯಾಗಬಾರದು ಎಂಬುದನ್ನೂ ಎತ್ತಿಹಿಡಿಯಿತು. ತೀರ್ಪು ಸಿನಿಮಾ ಮಂದಿರಗಳಿಗೆ ಸಂಬಂಧಿಸಿದ್ದಾದರೂ ಪಾರ್ಕುಗಳ ಗೇಟಿನಲ್ಲಿ ನಡೆಯುವ ಕ್ರಮವೂ ಹೆಚ್ಚುಕಡಿಮೆ ಇದೇ. ಹಾಗಾಗಿ ಹೊರಡುವ ಮುನ್ನ ಒಂದು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಮಗುವಿನ ಆಹಾರಕ್ಕೂ ಮಧುಮೇಹಿಗಳ ಆಹಾರಕ್ಕೂ ವಿನಾಯಿತಿ ಇದೆಯೇ, ಖಾಲಿ ನೀರಿನ ಬಾಟಲಿಯನ್ನು ಒಳಗೆ ಒಯ್ಯಬಹುದೇ, ಮಧ್ಯಾಹ್ನ ಹೊರಗೆ ಹೋಗಿ ಅದೇ ಟಿಕೆಟಿನಲ್ಲಿ ಮರಳಿ ಬರಬಹುದೇ. ಮೂರನೆಯ ಪ್ರಶ್ನೆಯ ಉತ್ತರ ‘ಇಲ್ಲ’ ಎಂದಾದರೆ, ಮುಂದೆ ಹೇಳುವ ಆಯ್ಕೆಗಳಲ್ಲಿ ಅರ್ಧದಷ್ಟು ಅಲ್ಲೇ ಮುಗಿದುಹೋಗುತ್ತವೆ.

ಎರಡನೆಯದು, ಹಣವನ್ನು ಮಧ್ಯಾಹ್ನದ ಒಂದು ತಟ್ಟೆಯಿಂದ ಅಳೆಯದೆ ಇಡೀ ದಿನದಿಂದ ಅಳೆಯಬೇಕು. ಬಹುಮಂದಿ ಹೋಲಿಸುವುದು ಒಳಗಿನ ಊಟದ ದರವನ್ನು ಹೊರಗಿನ ಊಟದ ದರದೊಡನೆ. ನಿಜವಾಗಿ ಹಣ ಸೋರುವುದು ಊಟದಲ್ಲಿ ಅಲ್ಲ, ಊಟದ ಆಚೀಚೆ. ಲೆಕ್ಕದ ಅನುಕೂಲಕ್ಕಾಗಿ ಐವರ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ಒಳಗಿನ ಊಟ ತಲೆಗೆ 250 ರೂಪಾಯಿಯಂತೆ 1,250 ರೂಪಾಯಿ ಆಯಿತು ಎನ್ನಿ. ಅದೇ ಐವರು ದಿನಕ್ಕೆ ಎರಡು ಸಲ 50 ರೂಪಾಯಿಯ ತಂಪು ಪಾನೀಯ ಕುಡಿದರೆ 500, ಒಂದೊಂದು ಐಸ್‌ಕ್ರೀಮಿಗೆ 60ರಂತೆ 300, ಸಂಜೆ ಹಸಿದಾಗ ಫ್ರೆಂಚ್ ಫ್ರೈಸೋ ಪಫ್ಸೋ ಎಂದು ತಲೆಗೆ 100ರಂತೆ 500. ಒಟ್ಟು 1,300, ಅಂದರೆ ಊಟಕ್ಕಿಂತಲೂ ಹೆಚ್ಚು. ಈ ಅಂಕಿಗಳ ಜಾಗದಲ್ಲಿ ನೀವು ಹೋಗುವ ಪಾರ್ಕಿನ ದರಗಳನ್ನು ಇಟ್ಟು ನೋಡಿದರೂ ಚಿತ್ರ ಬಹಳ ಬದಲಾಗುವುದಿಲ್ಲ. ಊಟವನ್ನು ಕಡಿಮೆ ಮಾಡಲು ಹೆಣಗಾಡುವುದಕ್ಕಿಂತ ಬಾಯಾರಿಕೆಯನ್ನೂ ನಡುವಿನ ಹಸಿವನ್ನೂ ಮೊದಲೇ ನಿಭಾಯಿಸುವುದು ಹೆಚ್ಚು ಉಳಿತಾಯ ತರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರನೆಯದು ಆಹಾರ ಕೆಡದಿರುವುದು. ಬೇಯಿಸಿದ ಆಹಾರದಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಸಾಮಾನ್ಯ ಹವೆಯಲ್ಲಿ ಎರಡು ಗಂಟೆ, 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ ಎಂಬುದು ಆಹಾರ ಸುರಕ್ಷತೆಯವರು ಹೇಳುವ ಮಿತಿ. ಕರಾವಳಿಯ ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗಿನ ಶಾಖ ಹೊರಗಿನದಕ್ಕಿಂತ ಬಹಳ ಹೆಚ್ಚು. ಈ ಮಾತನ್ನು ಬುತ್ತಿಯ ವಿಷಯದಲ್ಲಿ ಮತ್ತೆ ನೆನಪಿಸಬೇಕಾಗುತ್ತದೆ.

ನಾಲ್ಕನೆಯದು ಸಮಯ. ಟಿಕೆಟಿಗೆ ಕೊಟ್ಟ ಹಣ ಬೆಳಗಿನಿಂದ ಸಂಜೆಯವರೆಗಿನ ಕೆಲವೇ ಗಂಟೆಗಳಿಗೆ ಹಂಚಿಹೋಗಿರುತ್ತದೆ. 40 ರೂಪಾಯಿ ಉಳಿಸಲು ಹೊರಗೆ ಹೋಗಿ ಒಂದೂವರೆ ಗಂಟೆ ಕಳೆದರೆ ಉಳಿದದ್ದಕ್ಕಿಂತ ಕಳೆದದ್ದು ಹೆಚ್ಚು. ಐದನೆಯದನ್ನು ಹೋಲಿಕೆ ಮಾಡುವವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಬುತ್ತಿ ಕಟ್ಟುವವರ ದುಡಿಮೆ. ಆರು ಗಂಟೆಗೆ ಹೊರಡುವ ಮನೆಯಲ್ಲಿ ಯಾರೋ ಒಬ್ಬರು ಮೂರೂವರೆಗೆ ಎದ್ದು ಒಲೆ ಹಚ್ಚಿರುತ್ತಾರೆ, ಹೆಚ್ಚಿನ ಮನೆಗಳಲ್ಲಿ ಅದು ತಾಯಿ ಅಥವಾ ಅಜ್ಜಿ. ಆಕೆಗೂ ಅದು ರಜೆಯ ದಿನವೇ. ಆಕೆಯ ನಿದ್ದೆಯ ಬೆಲೆಯನ್ನು ಸೊನ್ನೆ ಎಂದು ಹಿಡಿದರೆ ಬುತ್ತಿ ಯಾವಾಗಲೂ ಅಗ್ಗವಾಗಿಯೇ ಕಾಣುತ್ತದೆ.

ಮನೆಯ ಬುತ್ತಿ

ಹಣದ ದೃಷ್ಟಿಯಿಂದ ಬುತ್ತಿಗೆ ಸಾಟಿಯಿಲ್ಲ. ಆದರೆ ಬುತ್ತಿ ಎಂದೊಡನೆ ಮಧ್ಯಾಹ್ನದ ಊಟವನ್ನೇ ಕಲ್ಪಿಸಿಕೊಳ್ಳುವುದರಲ್ಲಿ ತೊಡಕಿದೆ. ಮನೆಯಿಂದ ಆರು ಗಂಟೆಗೆ ಹೊರಟ ಅನ್ನ, ಪಾರ್ಕಿನ ಒಳಗೆ ಪ್ರವೇಶವಿಲ್ಲದೆ ಕಾರಿನಲ್ಲಿಯೇ ಉಳಿದು, ಒಂದು ಗಂಟೆಗೆ ತೆರೆಯುವಾಗ ಏಳು ಗಂಟೆ ಕಳೆದಿರುತ್ತದೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ ಬಿಡುವ ವಿಷಗಳಲ್ಲಿ ವಾಂತಿ ತರಿಸುವಂಥದ್ದು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತೆಂಗಿನಕಾಯಿ ಅರೆದು ಮಾಡಿದ ಚಟ್ನಿ, ಮೇಲಾರ, ಪಲ್ಯಗಳು ನಮ್ಮ ಅಡುಗೆಯ ಜೀವಾಳ, ಸೆಕೆಯಲ್ಲಿ ಎಲ್ಲಕ್ಕಿಂತ ಮೊದಲು ಹಳಸುವುದೂ ಅವೇ. ಹುಣಸೆಹುಳಿ, ಎಣ್ಣೆ, ಉಪ್ಪು ಹೆಚ್ಚಿರುವ ಪುಳಿಯೋಗರೆ ಇವುಗಳಿಗಿಂತ ಹೆಚ್ಚು ಹೊತ್ತು ತಾಳುತ್ತದೆ, ಅನ್ನವನ್ನು ಹರವಿ ಪೂರ್ತಿ ಆರಿಸಿದ ಮೇಲೆ ಗೊಜ್ಜು ಕಲಸಿದ್ದರೆ ಮಾತ್ರ. ಮೊಸರನ್ನ ಒಯ್ಯಲೇಬೇಕೆಂದಿದ್ದರೆ ಅನ್ನಕ್ಕೆ ಹಾಲು ಹೆಚ್ಚು ಹಾಕಿ ಒಂದು ಚಮಚ ಮೊಸರು ಸೇರಿಸಿದರೆ ಹೊತ್ತೇರಿದಂತೆ ಅದು ಹದವಾಗಿ ಹೆಪ್ಪಾಗುತ್ತದೆ. ಆದರೂ ಅದನ್ನು ಐಸ್ ಇಟ್ಟ ಪೆಟ್ಟಿಗೆಯಿಲ್ಲದೆ ಕಾರಿನಲ್ಲಿ ಬಿಡಬಾರದು, ಹನ್ನೊಂದು ಗಂಟೆಯೊಳಗೆ ತಿಂದು ಮುಗಿಸುವುದೇ ಲೇಸು.

ಹಾಗಾದರೆ ಬುತ್ತಿ ಹೆಚ್ಚು ಉಪಯೋಗಕ್ಕೆ ಬರುವುದು ಎಲ್ಲಿ? ಪಾರ್ಕಿಗೆ ಒಳಹೋಗುವ ಮುನ್ನ ಮತ್ತು ಹೊರಬಂದ ಮೇಲೆ. ಬೆಳಗಿನ ಉಪಾಹಾರವನ್ನು ಮನೆಯಲ್ಲಿ ಗಡಿಬಿಡಿಯಿಂದ ಮುಗಿಸದೆ, ಒಯ್ದು ಪಾರ್ಕಿನ ಗೇಟು ತೆರೆಯುವ ಅರ್ಧ ಗಂಟೆ ಮೊದಲು ನೆರಳಿನಲ್ಲಿ ಕುಳಿತು ತಿಂದರೆ ಮಕ್ಕಳ ಹೊಟ್ಟೆ ಮಧ್ಯಾಹ್ನದವರೆಗೆ ತಣ್ಣಗಿರುತ್ತದೆ. ನಮ್ಮ ಕಡೆಯ ಸಜ್ಜಿಗೆ (ಉಪ್ಪಿಟ್ಟು)-ಅವಲಕ್ಕಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮಾಡಲು ಅರ್ಧ ಗಂಟೆ ಸಾಕು, ಚಟ್ನಿಯ ಹಂಗಿಲ್ಲ. ಹಿಂದಿನ ರಾತ್ರಿ ಕರಿದಿಟ್ಟ ಬನ್ಸು ಅಥವಾ ಚಪಾತಿಯ ಜೊತೆ ಬೆಲ್ಲ-ತುಪ್ಪವಾದರೆ ಬೆಳಗ್ಗೆ ಒಲೆಯನ್ನೇ ಹಚ್ಚಬೇಕಿಲ್ಲ. ಗಿರಗಿರ ತಿರುಗುವ ಆಟಗಳಿಗೆ ಹತ್ತುವ ಮಕ್ಕಳಿಗೆ ಎಣ್ಣೆಯ ತಿಂಡಿಯನ್ನು ಹೊಟ್ಟೆ ಬಿರಿಯುವಷ್ಟು ಕೊಡುವುದು ಬೇಡ. ವಾಂತಿಯಾದರೆ ತಿಂಡಿಯೂ ಹೋಯಿತು, ಮುಂದಿನ ಒಂದು ಗಂಟೆಯೂ ಹೋಯಿತು.

ಸಂಜೆಯ ಬುತ್ತಿ ಇದಕ್ಕಿಂತ ಮುಖ್ಯ. ನೀರಾಟ ಮುಗಿಸಿ ಬಟ್ಟೆ ಬದಲಿಸಿದ ಮಕ್ಕಳಿಗೆ ಆಗುವ ಹಸಿವು ಬೇರೆಯೇ ರೀತಿಯದು, ಹೊರಬರುವ ದಾರಿಯಲ್ಲೇ ಅಂಗಡಿಗಳು ಸಾಲಾಗಿ ಇರುವುದೂ ಅದಕ್ಕಾಗಿಯೇ. ಕಾರಿನಲ್ಲಿ ನೇಂದ್ರ ಬಾಳೆಹಣ್ಣು, ಹುರಿದ ನೆಲಗಡಲೆ, ಅವಲಕ್ಕಿ ಚೂಡಾ, ಹಲಸಿನ ಹಪ್ಪಳ, ಮಾಂಬಳ, ಎಳ್ಳುಂಡೆಗಳಿವೆ ಎಂದು ಮಕ್ಕಳಿಗೆ ಮೊದಲೇ ತಿಳಿದಿದ್ದರೆ ಅಂಗಡಿಯ ಮುಂದಿನ ಹಟ ಅರ್ಧಕ್ಕರ್ಧ ಇಳಿಯುತ್ತದೆ. ಇವಾವುವೂ ಸೆಕೆಗೆ ಕೆಡುವಂಥವಲ್ಲ, ಹೆಚ್ಚಿನವು ರಜೆಯಲ್ಲಿ ಮನೆಯಲ್ಲಿ ಇದ್ದೇ ಇರುವಂಥವು. ಪುನರ್ಪುಳಿಯ (ಕೋಕಂ) ಸಾರವನ್ನು ಬಾಟಲಿಯಲ್ಲಿ ಒಯ್ದು, ಹೊರಬಂದಾಗ ತಂಪು ನೀರಿಗೆ ಬೆರೆಸಿಕೊಟ್ಟರೆ ತಂಪು ಪಾನೀಯದ ಆಸೆ ಅಲ್ಲಿಗೇ ತೀರುತ್ತದೆ.

ನೀರಿನ ಬಗ್ಗೆ ಒಂದು ಮಾತು. ಪಾರ್ಕಿನೊಳಗೆ ಉಚಿತವಾದ ಶುದ್ಧ ನೀರಿನ ನಳ್ಳಿಗಳು ಎಲ್ಲಿವೆ ಎಂಬುದನ್ನು ಒಳಹೊಕ್ಕ ಕೂಡಲೇ, ಮೊದಲ ಆಟಕ್ಕೆ ಓಡುವ ಮೊದಲೇ, ನೋಡಿಟ್ಟುಕೊಳ್ಳಬೇಕು. ನೀರಲ್ಲಿ ಆಡುವವರಿಗೆ ಬೆವರಿದ್ದೇ ತಿಳಿಯುವುದಿಲ್ಲ. ಬಾಯಾರಿಕೆಯನ್ನು ಮಕ್ಕಳು ಹಸಿವೆಂದು ಭಾವಿಸಿ ತಿಂಡಿ ಕೇಳುವುದುಂಟು. ಗಂಟೆಗೊಮ್ಮೆ ಒಂದು ಲೋಟ ನೀರು ಕುಡಿಸುವುದು ಈ ಇಡೀ ಬರಹದಲ್ಲಿ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ಹೆಚ್ಚು ಉಳಿತಾಯದ ಉಪಾಯ.

ಪಾರ್ಕಿನೊಳಗಿನ ಊಟ

ಒಳಗಿನ ಊಟವನ್ನು ಪೂರ್ತಿಯಾಗಿ ತ್ಯಜಿಸಬೇಕೆಂದು ನಾನು ಹೇಳಲಾರೆ. ಅದು ಬಿಸಿಯಾಗಿರುತ್ತದೆ, ಹೊರಗೆ ಹೋಗಿ ಬರುವ ಸಮಯ ಉಳಿಯುತ್ತದೆ, ಬುತ್ತಿ ಕಟ್ಟುವ ದುಡಿಮೆಯಿಲ್ಲ. ದರ ಹೆಚ್ಚು ಎಂಬುದು ನಿಜ. ಆದರೆ ಒಳಗಿನ ಅಂಗಡಿಗಳಲ್ಲೂ ದರಗಳ ನಡುವೆ ವ್ಯತ್ಯಾಸವಿರುತ್ತದೆ. ದಕ್ಷಿಣ ಭಾರತದ ಊಟ, ಅನ್ನ-ಸಾಂಬಾರು, ಇಡ್ಲಿ-ದೋಸೆಗಳು ಬರ್ಗರ್, ಪಿಜ್ಜಾಗಳಿಗಿಂತ ಸಾಮಾನ್ಯವಾಗಿ ಅಗ್ಗ ಮತ್ತು ಹೊಟ್ಟೆಗೂ ಸಾಕಾಗುವಂಥವು. ಫ್ರೈಡ್ ರೈಸಿನ ಒಂದು ತಟ್ಟೆಯನ್ನು ಇಬ್ಬರು ಚಿಕ್ಕ ಮಕ್ಕಳಿಗೆ ಹಂಚಬಹುದು. ಐವರಿದ್ದರೆ ಮೊದಲು ಮೂರು ತಟ್ಟೆ ತೆಗೆದುಕೊಂಡು, ಸಾಲದಿದ್ದರೆ ಮತ್ತೊಂದು ತರುವುದು ಒಳ್ಳೆಯದು, ಏಕೆಂದರೆ ನೀರಿನಿಂದ ಎದ್ದುಬಂದವರ ಕಣ್ಣಿನ ಹಸಿವು ಹೊಟ್ಟೆಯ ಹಸಿವಿಗಿಂತ ದೊಡ್ಡದು.

ಕೆಲವು ಪಾರ್ಕುಗಳಲ್ಲಿ ಟಿಕೆಟಿನೊಂದಿಗೇ ಊಟವನ್ನು ಸೇರಿಸಿ ಕಾಂಬೋ ಎಂದು ಮಾರುತ್ತಾರೆ, ಶಾಲೆ-ಸಂಘಗಳ ಗುಂಪಿಗೆ ಬೇರೆ ದರವಿರುತ್ತದೆ. ಕಾಂಬೋ ತೆಗೆದುಕೊಳ್ಳುವ ಮುನ್ನ ಅದರಲ್ಲಿ ಏನೇನಿದೆ, ಸಸ್ಯಾಹಾರಕ್ಕೆ ಬೇರೆ ಬಗೆ ಇದೆಯೇ, ನಾಲ್ಕು ವರ್ಷದ ಮಗುವಿಗೂ ಪೂರ್ತಿ ತಟ್ಟೆಯ ಹಣ ಕೊಡಬೇಕೇ ಎಂಬುದನ್ನು ವಿಚಾರಿಸಬೇಕು. ಚೆನ್ನಾಗಿ ಉಣ್ಣುವ ಹದಿಹರೆಯದ ಮಕ್ಕಳಿರುವ ಮನೆಗೆ ಅದು ಲಾಭ. ಎರಡು ತುತ್ತು ತಿಂದು ಏಳುವ ಪುಟ್ಟ ಮಕ್ಕಳಿರುವ ಮನೆಗೆ ನಷ್ಟ.

ಉಣ್ಣುವ ಹೊತ್ತನ್ನು ಬದಲಿಸುವುದರಲ್ಲೂ ಲಾಭವಿದೆ. ಒಂದರಿಂದ ಎರಡು ಗಂಟೆಯವರೆಗೆ ಊಟದ ಸಾಲು ಉದ್ದ, ಆಟಗಳ ಸಾಲು ಗಿಡ್ಡ. ಬೆಳಗ್ಗೆ ಗಟ್ಟಿಯಾಗಿ ತಿಂದವರು ಎರಡೂವರೆಯವರೆಗೆ ಕಾಯಬಲ್ಲರು. ಆಗ ಉಂಡರೆ ಸಂಜೆಯ ದುಬಾರಿ ತಿಂಡಿಯೂ ಬೇಕಾಗುವುದಿಲ್ಲ. ಮಧುಮೇಹದ ಔಷಧಿ ತೆಗೆದುಕೊಳ್ಳುವ ಹಿರಿಯರಿದ್ದರೆ ಈ ಉಪಾಯ ಬೇಡ, ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗಲೇಬೇಕು.

ಮುದ್ರಿತ ಬೆಲೆಯ ವಿಷಯದಲ್ಲಿ ಗೊಂದಲ ಬಹಳ. ಕುಳಿತು ಉಣ್ಣುವ ಹೋಟೆಲುಗಳು ಬಾಟಲಿ ನೀರಿಗೆ ಮುದ್ರಿತ ಗರಿಷ್ಠ ದರಕ್ಕಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ, ಏಕೆಂದರೆ ಅಲ್ಲಿ ಮಾರಾಟದ ಜೊತೆ ಸೇವೆಯೂ ಇದೆ. ಬರಿದೇ ಪೊಟ್ಟಣ ಮಾರುವ ಅಂಗಡಿಗೆ ಆ ವಿನಾಯಿತಿಯಿಲ್ಲ. ಚಿಪ್ಸಿನ ಪೊಟ್ಟಣಕ್ಕೋ ಬಾಟಲಿಗೋ ಹೆಚ್ಚು ಕೇಳಿದರೆ ಬಿಲ್ಲು ಪಡೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಬಹುದು.

ದಾರಿಯ ಹೋಟೆಲು

ಕಣ್ಣೂರಿನ ಕಡೆಗೆ ಹೋಗುವವರಿಗೆ ಹೊರಗಿನ ಊಟ ಹೆಚ್ಚು ಆಕರ್ಷಕ, ಕೇರಳದಲ್ಲಿ ಅಗ್ಗದ ಊಟದ ವ್ಯವಸ್ಥೆ ಚೆನ್ನಾಗಿ ಬೇರೂರಿದೆ. ಕೇರಳ ಸರ್ಕಾರದ ಕುಡುಂಬಶ್ರೀ ಯೋಜನೆಯ ಸ್ವಸಹಾಯ ಗುಂಪುಗಳ ಮಹಿಳೆಯರು ನಡೆಸುವ ಜನಕೀಯ ಹೋಟೆಲುಗಳು 2020ರಲ್ಲಿ 20 ರೂಪಾಯಿಗೆ ಊಟ ಕೊಡಲು ಆರಂಭಿಸಿದವು. 2023ರಲ್ಲಿ ಸರ್ಕಾರದ ಸಹಾಯಧನ ನಿಂತ ಬಳಿಕ ದರ 30ಕ್ಕೆ ಏರಿತು. ಆಗಲೂ ಐವರ ಊಟ 150 ರೂಪಾಯಿಗೆ ಮುಗಿಯುತ್ತಿತ್ತು ಎಂಬುದನ್ನು ಗಮನಿಸಬೇಕು. ಆದರೆ ಇವು ಮುಖ್ಯವಾಗಿ ಮಧ್ಯಾಹ್ನದ ಹೋಟೆಲುಗಳು, ಮಾಡಿದ ಅಡುಗೆ ಮುಗಿದರೆ ಬಾಗಿಲು ಮುಚ್ಚುತ್ತವೆ. ಪಾರ್ಕಿನಲ್ಲಿ ಇಡೀ ದಿನ ಕಳೆಯುವವರಿಗೆ ಒದಗುವುದು ಕಡಿಮೆ. ಬೆಳಗಿನ ಉಪಾಹಾರಕ್ಕೆ ಇಂಡಿಯನ್ ಕಾಫಿ ಹೌಸ್ ಒಳ್ಳೆಯ ಆಯ್ಕೆ. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಸಂಘಟಿತರಾದ ಕಾರ್ಮಿಕರ ಸಹಕಾರಿ ಸಂಘಗಳು ನಡೆಸುವ ಈ ಹೋಟೆಲುಗಳಲ್ಲಿ ದರ ಮಿತವಾಗಿದೆ. ಬೀಟ್‌ರೂಟ್ ಹಾಕಿದ ಕೆಂಪು ಪಲ್ಯದ ಮಸಾಲೆ ದೋಸೆ ಮಕ್ಕಳಿಗೆ ಒಂದು ಸೋಜಿಗವೂ ಹೌದು. ಕೇರಳದ ಹೋಟೆಲುಗಳಲ್ಲಿ ಕುದಿಸಿದ ಕೆಂಬಣ್ಣದ ಬಿಸಿನೀರು ಬೆಲೆಯಿಲ್ಲದೆ ಸಿಗುವುದರಿಂದ ಬಾಟಲಿ ನೀರಿನ ಖರ್ಚೂ ಇಲ್ಲ.

ವಿಸ್ಮಯಕ್ಕೆ ಹೋಗುವವರಿಗೆ ಪರಶ್ಶಿನಿಕಡವಿನ ಮುತ್ತಪ್ಪನ ಸನ್ನಿಧಿ ಹತ್ತಿರದಲ್ಲೇ, ವಳಪಟ್ಟಣಂ ನದಿಯ ದಂಡೆಯಲ್ಲಿದೆ. ಜಾತಿ-ಮತದ ಭೇದವಿಲ್ಲದೆ ಬಂದವರಿಗೆಲ್ಲ ಬೇಯಿಸಿದ ಅಲಸಂಡೆ ಕಾಳು, ತೆಂಗಿನಕಾಯಿಯ ಚೂರು ಮತ್ತು ಚಹಾ ಪ್ರಸಾದವಾಗಿ ಸಿಗುತ್ತವೆ, ಊಟದ ಹೊತ್ತಿಗೆ ಅನ್ನದಾನವೂ ಇದೆ. ದರ್ಶನಕ್ಕೆಂದು ಹೋದವರು ಅದನ್ನು ಭಕ್ತಿಯಿಂದ ಸ್ವೀಕರಿಸಿ ಯಥಾಶಕ್ತಿ ಕಾಣಿಕೆ ಹಾಕುವುದು ಸರಿ. ಕೇವಲ ಪಾರ್ಕಿನ ಊಟದ ಹಣ ಉಳಿಸಲು ಅನ್ನದಾನದ ಸಾಲಿನಲ್ಲಿ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ.

ಹೆದ್ದಾರಿ 66ರಲ್ಲಿ ಪ್ರಯಾಣಿಸುವವರು ಒಂದನ್ನು ನೆನಪಿಡಬೇಕು. ಆರು ಪಥವಾದ ಕಡೆಗಳಲ್ಲಿ ಹಳೆಯ ಪರಿಚಿತ ಹೋಟೆಲುಗಳು ಸರ್ವಿಸ್ ರಸ್ತೆಯ ಬದಿಗೆ ಸರಿದಿವೆ. ಮುಖ್ಯ ಪಥದಿಂದ ಇಳಿಯುವ ಜಾಗ ತಪ್ಪಿದರೆ ಕೆಲವು ಕಿಲೋಮೀಟರು ಮುಂದೆ ಹೋಗಿ ತಿರುಗಬೇಕು. ಎಲ್ಲಿ ತಿನ್ನುವುದೆಂದು ಹೊರಡುವಾಗಲೇ ನಿಶ್ಚಯಿಸಿಕೊಂಡರೆ, ಹಸಿದ ಮಕ್ಕಳ ಒತ್ತಾಯಕ್ಕೆ ಕಣ್ಣಿಗೆ ಬಿದ್ದ ದುಬಾರಿ ಹೋಟೆಲಿಗೆ ನುಗ್ಗುವ ಪ್ರಸಂಗ ಬಾರದು.

ಬೆಂಗಳೂರಿನ ಪ್ರಯಾಣದಲ್ಲಿ ಲೆಕ್ಕ ಬೇರೆ. ರಾತ್ರಿಯ ರೈಲಿನಲ್ಲಿ ಹೋಗುವವರಿಗೆ ಆ ರಾತ್ರಿಯ ಊಟಕ್ಕೆ ಚಪಾತಿ-ಪಲ್ಯದ ಬುತ್ತಿ ಸಾಕು. ಬೆಳಗ್ಗೆ ಬಿಡದಿಯ ಕಡೆಗೆ ಹೋಗುವಾಗ ಆ ಊರಿನ ಹೆಸರಾಂತ ತಟ್ಟೆ ಇಡ್ಲಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ರುಚಿಗೂ ಹಣಕ್ಕೂ ಒಳ್ಳೆಯದು. ಬೆಂಗಳೂರಿನಲ್ಲಿ ನೆಂಟರ ಮನೆಯಿದ್ದು ಅಲ್ಲಿಂದ ಹೊರಡುವವರು, ದಯವಿಟ್ಟು, ಮನೆಯವರ ಮೇಲೆ ಬೆಳಗಿನ ಐದು ಗಂಟೆಯ ಅಡುಗೆಯ ಹೊರೆ ಹಾಕಬಾರದು.

ಯಾರಿಗೆ ಯಾವುದು

ಖರ್ಚನ್ನು ಎಷ್ಟು ಸಾಧ್ಯವೋ ಅಷ್ಟು ಕುಗ್ಗಿಸಲೇಬೇಕಾದ ಮನೆಯವರು ಪಿಲಿಕುಳವನ್ನೋ ವಿಸ್ಮಯವನ್ನೋ ಆರಿಸಿ, ಬೆಳಗಿನದ್ದನ್ನೂ ಸಂಜೆಯದ್ದನ್ನೂ ಬುತ್ತಿಯಲ್ಲಿ ಒಯ್ದು, ಒಳಗೆ ಎರಡೂವರೆ ಗಂಟೆಗೆ ಹಂಚಿಕೊಂಡು ತಿನ್ನುವಷ್ಟು ಮಾತ್ರ ಕೊಳ್ಳುವುದು ಒಳ್ಳೆಯದು. ಪಿಲಿಕುಳದಲ್ಲಿ ವಾಟರ್ ಪಾರ್ಕ್ ಮಾತ್ರವಲ್ಲದೆ ಜೈವಿಕ ಉದ್ಯಾನ, ತಾರಾಲಯಗಳೂ ಇರುವುದರಿಂದ ಅರ್ಧ ದಿನ ನೀರಾಟ, ಅರ್ಧ ದಿನ ಅವು ಎಂದು ಹಂಚಿಕೊಂಡು, ನಡುವೆ ಹೊರಗೆ ಬಂದು ಉಣ್ಣುವ ಅನುಕೂಲವೂ ಇದೆ. ಮಂಜೇಶ್ವರ, ಉಪ್ಪಳದ ಕಡೆಯವರಿಗೆ ಇದು ಎಲ್ಲ ರೀತಿಯಲ್ಲೂ ಹತ್ತಿರ.

ತಾಯಿಗೆ ಆ ದಿನ ನಿಜವಾದ ರಜೆ ಸಿಗಬೇಕು ಎಂದು ಬಯಸುವ, ಸ್ವಲ್ಪ ಹೆಚ್ಚು ಖರ್ಚಿಗೆ ಸಿದ್ಧರಿರುವ ಮನೆಯವರು ಬೆಳಗ್ಗೆ ಕಾಫಿ ಹೌಸು, ಮಧ್ಯಾಹ್ನ ಒಳಗಿನ ಊಟ, ಕಾರಿನಲ್ಲಿ ಹಣ್ಣು ಮತ್ತು ನೆಲಗಡಲೆ ಎಂಬ ಕ್ರಮವನ್ನು ಅನುಸರಿಸಬಹುದು. ಬುತ್ತಿಯನ್ನೇ ನೆಚ್ಚಿಕೊಂಡ ಮನೆಗಿಂತ ಖರ್ಚು ಹೆಚ್ಚು, ಆದರೆ ಎಲ್ಲವನ್ನೂ ಒಳಗೇ ಕೊಳ್ಳುವವರಿಗಿಂತ ಬಹಳ ಕಡಿಮೆ. ನನ್ನನ್ನು ಕೇಳಿದರೆ ಹೆಚ್ಚಿನ ಮನೆಗಳಿಗೆ ಇದನ್ನೇ ಸೂಚಿಸುತ್ತೇನೆ. ಮಕ್ಕಳಿಗೆ ‘ಒಂದು ಐಸ್‌ಕ್ರೀಮು, ಅದು ಯಾವಾಗ ಎಂದು ನೀವೇ ಹೇಳಿ’ ಎಂದು ಬೆಳಗ್ಗೆಯೇ ಒಪ್ಪಂದ ಮಾಡಿಕೊಂಡರೆ ದಿನವಿಡೀ ಬೇಡವೆನ್ನುವ ಕಷ್ಟ ತಪ್ಪುತ್ತದೆ, ಅವರ ಸಂತೋಷಕ್ಕೂ ಕುಂದಾಗುವುದಿಲ್ಲ.

ಎರಡು ಮೂರು ಮನೆಯವರು ಒಟ್ಟಾಗಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗುವುದಾದರೆ ಬುತ್ತಿಯ ಕೆಲಸವನ್ನು ಹಂಚಿಕೊಳ್ಳಬಹುದು: ಒಂದು ಮನೆಯಿಂದ ಸಜ್ಜಿಗೆ, ಇನ್ನೊಂದರಿಂದ ಅವಲಕ್ಕಿ, ಮತ್ತೊಂದರಿಂದ ಸಂಜೆಯ ತಿಂಡಿ ಮತ್ತು ಹಣ್ಣು. ಆಗ ಯಾರೂ ಮೂರೂವರೆಗೆ ಏಳಬೇಕಾಗಿಲ್ಲ, ಗುಂಪಿನ ದರದಲ್ಲಿ ಊಟ ಸೇರಿದ ಟಿಕೆಟನ್ನೂ ವಿಚಾರಿಸಬಹುದು.

ವರ್ಷ ತುಂಬದ ಮಗುವಿದ್ದರೆ ಅದರ ಹಾಲು, ರಾಗಿ ಮಣ್ಣಿ, ಬಿಸಿನೀರಿನ ಫ್ಲಾಸ್ಕುಗಳನ್ನು ಬೇರೆಯೇ ಚೀಲದಲ್ಲಿ ಇಟ್ಟು ಗೇಟಿನಲ್ಲಿ ತೆರೆದು ತೋರಿಸುವುದು ಅನುಕೂಲ. ದೊಡ್ಡವರ ತಿಂಡಿ ಅದರಲ್ಲಿ ಸೇರಿರಬಾರದು. ಸೇರಿದ್ದರೆ ಪರಿಶೀಲನೆಯ ಸಿಬ್ಬಂದಿ ಇಡೀ ಚೀಲವನ್ನು ಹೊರಗೆ ಬಿಟ್ಟುಬನ್ನಿ ಎನ್ನುವ ಸಾಧ್ಯತೆ ಇರುತ್ತದೆ. ಹಿರಿಯರ ಔಷಧಿಯ ಜೊತೆ ವೈದ್ಯರ ಚೀಟಿಯ ಫೋಟೋ ಮೊಬೈಲಿನಲ್ಲಿದ್ದರೆ ನಾಲ್ಕು ಬಿಸ್ಕತ್ತು, ಒಂದು ಬಾಳೆಹಣ್ಣು ಒಯ್ಯಲು ಕಾರಣವನ್ನು ವಿವರಿಸುವುದು ಸುಲಭವಾಗುತ್ತದೆ.